ಮನೆಯ ವಿದ್ಯುತ್ತು ಮತ್ತು ಧ್ವನಿಯಂತ್ರ: ಚಿತ್ರದುರ್ಗ ಸೀಮೆಯನ್ನು ಕುರಿತು ಒಂದು ವಿವೇಚನೆ

ಇತಿಹಾಸದ ಅಧ್ಯಾಪಕನೊಬ್ಬನು ವಿದ್ಯುಚ್ಛಕ್ತಿಯನ್ನು ಕುರಿತು ಬರೆಯಹೊರಟುದಕ್ಕೆ ಕಾರಣವನ್ನು ಮೊದಲೇ ನಿವೇದಿಸುವುದು ಯುಕ್ತ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಮನೆಗಳ ಅಟ್ಟದ ಮೇಲಿಂದ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ತಂದುಕೊಡುವುದುಂಟು. ಸೋಬಾನೆಯ ಪದ, ಕೋಲಾಟದ ಪದ, ಕಾಡುಗೊಲ್ಲರ ಜುಂಜಪ್ಪನ ಕಥನ, ಮದುವೆಯ ಮನೆಯ ಮಾತುಕತೆ, ಹೀಗೆ ಬರವಣಿಗೆಗೆ ಎಂದೂ ಇಳಿಯದ ಸಾಮಗ್ರಿ ಅವುಗಳಲ್ಲಿ ಅಡಗಿರುತ್ತದೆ. ಹೊಸದುರ್ಗದ ಕಡೆಯಿಂದ ಬಂದ ಅಂಥ ಒಂದು ಕ್ಯಾಸೆಟ್ಟನ್ನು ನಾನು ಮನೆಯಲ್ಲಿ ಕೇಳುತ್ತಿದ್ದಾಗ, ಹಾಡುವ ಮುದುಕಿಯ ದನಿಯ ಅಡಿಯಲ್ಲಿ ಒಂದೇ ಸಮನೆ ಗುಂಯ್‌ಗುಡುವ ಸದ್ದು ಕಿವಿಗೆ ಬಿದ್ದಿತು. ಸಮೀಪದಲ್ಲಿ ಹಿಟ್ಟಿನ ಗಿರಣಿಯೊಂದು ನಡೆಯುತ್ತಿದ್ದಿರಬೇಕೆಂದು ಊಹಿಸಿ, ಹಾಗೆಯೇ ಟಿಪ್ಪಣಿ ಬರೆದಿಟ್ಟೆ. ಕೆಲವು ದಿನಗಳ ತರುವಾಯ ಅದೇ ಕ್ಯಾಸೆಟ್ಟನ್ನು ಬೇರೊಂದೆಡೆ ನುಡಿಸಿದಾಗ ಆ ಸದ್ದಿನ ಸುಳಿವೇ ಇರಲಿಲ್ಲ. ಗಿರಣಿಯು ಆ ಹಳ್ಳಿಯಲ್ಲಿರಲಿಲ್ಲ. ಸದ್ದು ನನ್ನ ಮನೆಯದು. ಇಲ್ಲದುದನ್ನು ಇದ್ದಿತೆಂದು ದಾಖಲೆಗೆ ಸೇರಿಸುವುದು ಇತಿಹಾಸಕಾರನು ಮಾಡಬಹುದಾದ ತಪ್ಪುಗಳಲ್ಲಿ ದೊಡ್ಡದು. ಆ ತಪ್ಪಿನ ಮೂಲವನ್ನು ಅರಸುತ್ತ ಹೋದುದರ ಫಲವೇ ಈ ಲೇಖನ. ಸಂಗೀತವನ್ನು ಮನೆಯಲ್ಲಿ ಚೆನ್ನಾಗಿ ಕೇಳಬೇಕೆನ್ನುವವರಿಗೂ ಇದು ಉಪಯೋಗವಾಗಬಹುದೆಂದು ನಂಬಿದ್ದೇನೆ.

೧. ಪೂರ್ವವೃತ್ತಾಂತ

ಕನ್ನಡನಾಡಿನಲ್ಲಿ ವಿದ್ಯುತ್ತು ಮೊದಲು ಬಂದುದು ಮನೆಗಳಿಗಲ್ಲ, ಗಣಿಗಳಿಗೆ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ಶಕ್ತಿಯು ೯೨ ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ೧೯೦೨ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಿಕೊಂಡರು. ಮುದ್ರಿತ ಧ್ವನಿಯೂ ತಂತಿಯ ಮೇಲಿನ ಶಕ್ತಿಯೂ ಹೀಗೆ ಒಂದೇ ವರ್ಷದ ಕೂಸುಗಳಾದರೂ ಅವು ಬಹುಕಾಲ ಪರಸ್ಪರ ಅಪರಿಚಿತವಾಗಿಯೇ ಉಳಿದುವು. ಆ ಕಾಲದ ಗ್ರಾಮಫೋನು ಕೀಲಿ ಕೊಟ್ಟ ಸುರುಳಿಯ ಬಲದಿಂದ ತಿರುಗುತ್ತಿತ್ತು. ಅದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ.

ಬೆಂಗಳೂರಿನ ಬೀದಿಗಳಲ್ಲಿ ೧೯೦೫ರಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದಿಂದಲೇ ಪ್ರಸಿದ್ಧವಾಯಿತು. ಅಲ್ಲಿಂದ ಮುಂದೆ ಮನೆಯಲ್ಲಿ ಧ್ವನಿಯಂತ್ರವಿರಬೇಕೆಂದರೆ ವಿದ್ಯುತ್ತೂ ಇರಬೇಕೆಂಬ ಸಂಬಂಧ ಬೆಳೆಯಿತು. ತಂತಿ ತಲುಪದ ಹಳ್ಳಿಗಳಲ್ಲಿ ಬ್ಯಾಟರಿಯ ರೇಡಿಯೋಗಳು ಆ ಕೊರತೆಯನ್ನು ತುಂಬಿದುವು. ೧೯೪೮ರಲ್ಲಿ ಜೋಗದ ವಿದ್ಯುದಾಗಾರವೂ ೧೯೬೦ರ ದಶಕದ ನಡುವೆ ಶರಾವತಿಯ ದೊಡ್ಡ ಯೋಜನೆಯೂ ಕೆಲಸ ಆರಂಭಿಸಿದ ಮೇಲೆ ಒಳನಾಡಿನ ತಾಲ್ಲೂಕುಗಳಿಗೆ ಶಕ್ತಿಯ ಹರಿವು ಹೆಚ್ಚಿತು. ೧೯೫೭ರಲ್ಲಿ ಸ್ಥಾಪಿತವಾದ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯ ಕಾರ್ಯವು ೧೯೯೯ರ ಮತ್ತು ೨೦೦೨ರ ಪುನರ್‌ವ್ಯವಸ್ಥೆಗಳಲ್ಲಿ ವಿಭಾಗಗೊಂಡು, ಚಿತ್ರದುರ್ಗ ಜಿಲ್ಲೆಯು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಸೇರಿತು.

ನಮ್ಮ ಸೀಮೆಯಲ್ಲಿ ಒಂದು ಭ್ರಮೆ ಪ್ರಚಲಿತವಾಗಿದೆ. ಜೋಗಿಮಟ್ಟಿಯ ಮೇಲೂ ಹೊಸದುರ್ಗದ ಗುಡ್ಡಗಳ ಸಾಲಿನಲ್ಲಿಯೂ ಗಾಳಿಯಂತ್ರಗಳು ತಿರುಗುತ್ತಿರುವಾಗ, ಅವುಗಳ ಬುಡದಲ್ಲಿರುವ ಮನೆಗಳಿಗೆ ಉತ್ತಮವಾದ ವಿದ್ಯುತ್ತು ದೊರೆಯಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹಾಗಾಗುವುದಿಲ್ಲ. ಗಾಳಿಯಂತ್ರದ ಶಕ್ತಿಯನ್ನು ಹೆಚ್ಚಿನ ವೋಲ್ಟೇಜಿಗೆ ಏರಿಸಿ ಮಹಾಜಾಲಕ್ಕೆ ಸೇರಿಸುತ್ತಾರೆ. ಮನೆಗೆ ಬರುವ ವಿದ್ಯುತ್ತಿನ ಗುಣವನ್ನು ನಿರ್ಧರಿಸುವುದು ಬೆಟ್ಟದ ಮೇಲಿನ ಯಂತ್ರವಲ್ಲ. ಬೀದಿಯ ಕೊನೆಯ ಪರಿವರ್ತಕ, ಅಲ್ಲಿಂದ ಮನೆಯವರೆಗಿನ ತಂತಿ, ಮನೆಯ ಒಳಗಿನ ಜೋಡಣೆ, ಈ ಮೂರು.

೨. ಮನೆಗೆ ಬರಬೇಕಾದುದೇನು?

ನಮ್ಮ ಮನೆಗಳಿಗೆ ಒದಗಬೇಕಾದುದು ೨೩೦ ವೋಲ್ಟಿನ, ಸೆಕೆಂಡಿಗೆ ೫೦ ಆವರ್ತಗಳ ಪರ್ಯಾಯ ವಿದ್ಯುತ್ತು. ಶೇಕಡಾ ೬ರಷ್ಟು ಏರಿಳಿತವನ್ನು ಸಹ್ಯವೆಂದು ಎಣಿಸಿದರೆ, ೨೧೬ರಿಂದ ೨೪೪ ವೋಲ್ಟುಗಳ ನಡುವೆ ಅದು ಇರತಕ್ಕದ್ದು. ಬೀದಿಯ ಪರಿವರ್ತಕವು ೧೧,೦೦೦ ವೋಲ್ಟಿನ ಶಕ್ತಿಯನ್ನು ತಗ್ಗಿಸಿ ಮೂರು ಫೇಸುಗಳಾಗಿಯೂ ಒಂದು ನ್ಯೂಟ್ರಲ್ ತಂತಿಯಾಗಿಯೂ ಕೊಡುತ್ತದೆ. ಸಾಮಾನ್ಯ ಮನೆಗೆ ಬರುವುದು ಒಂದು ಫೇಸು ಮತ್ತು ನ್ಯೂಟ್ರಲ್. ನೀರಾವರಿಯ ಪಂಪಿಗೆ ಮೂರು ಫೇಸುಗಳೂ ಬೇಕು.

ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಾಗಲಿ ಹೊಸದುರ್ಗದ ತೆಂಗಿನ ತೋಟಗಳಲ್ಲಾಗಲಿ ಪಂಪುಗಳ ಸಂಖ್ಯೆ ದೊಡ್ಡದು. ೫ ಅಶ್ವಶಕ್ತಿಯ ಪಂಪೊಂದು ಪ್ರತಿ ಫೇಸಿನಿಂದ ಸುಮಾರು ೮ ಆಂಪಿಯರುಗಳನ್ನು ಎಳೆಯುತ್ತದೆ. ಅಂಥ ಐದು ಪಂಪುಗಳು ಏಕಕಾಲದಲ್ಲಿ ನಡೆದರೆ ಪ್ರವಾಹ ೪೦ ಆಂಪಿಯರು. ಮಾರ್ಗದ ತಂತಿಯ ರೋಧವು ಅರ್ಧ ಓಂ ಎಂದಿಟ್ಟುಕೊಂಡರೆ ಸುಮಾರು ೨೦ ವೋಲ್ಟುಗಳು ತಂತಿಯಲ್ಲಿಯೇ ಕರಗಿಹೋಗುತ್ತವೆ. ಅದೇ ಮಾರ್ಗದ ತುದಿಯಲ್ಲಿರುವ ಮನೆಗೆ ಉಳಿಯುವುದು ೨೧೦. ವ್ಯವಸಾಯದ ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ತಾಂತ್ರಿಕ ಮಹತ್ವವು ಇದರಿಂದ ತಿಳಿಯುತ್ತದೆ. ತೋಟದ ನಡುವಿನ ಒಂಟಿಮನೆಗಳಲ್ಲಿ ಮಾತ್ರ ಈ ಇಳಿತವನ್ನು ನಿರೀಕ್ಷಿಸಿಯೇ ಇರಬೇಕು.

ವೋಲ್ಟೇಜು ತಗ್ಗಿದರೆ ಧ್ವನಿಯಂತ್ರಕ್ಕೆ ಆಗುವ ಹಾನಿ ಎಷ್ಟು? ಹಳೆಯ ಮಾದರಿಯ, ಭಾರವಾದ ಪರಿವರ್ತಕವುಳ್ಳ ಆಂಪ್ಲಿಫಯರಿನಲ್ಲಿ ಗರಿಷ್ಠ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ೨೩೦ರಲ್ಲಿ ೫೦ ವಾಟು ಕೊಡುವ ಯಂತ್ರವು ೧೯೫ರಲ್ಲಿ ಸುಮಾರು ೩೬ ವಾಟು ಮಾತ್ರ ಕೊಟ್ಟೀತು. ಇದು ದೊಡ್ಡ ನಷ್ಟವೆಂದು ತೋರಿದರೂ ಕಿವಿಯ ಅಳತೆಯಲ್ಲಿ ಒಂದೂವರೆ ಡೆಸಿಬೆಲ್ಲಿಗಿಂತ ಕಡಮೆ. ಮನೆಯ ಕೋಣೆಯಲ್ಲಿ ಸಾಧಾರಣವಾಗಿ ಕೇಳುವಾಗ ಒಂದೆರಡು ವಾಟುಗಳೇ ಸಾಕಾಗುವುದರಿಂದ ವ್ಯತ್ಯಾಸವು ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಮೃದಂಗದ ಅಥವಾ ಡೊಳ್ಳಿನ ಪೆಟ್ಟು ಬಿದ್ದಾಗ ಮಾತ್ರ ಯಂತ್ರವು ತನ್ನ ಮಿತಿಯನ್ನು ಬೇಗ ಮುಟ್ಟಿ ದನಿ ಒಡೆಯುತ್ತದೆ. ಈಚಿನ ಅನೇಕ ಉಪಕರಣಗಳ ಬೆನ್ನಿನ ಮೇಲೆ ‘೧೦೦–೨೪೦ ವೋಲ್ಟು’ ಎಂದು ಮುದ್ರಿತವಾಗಿರುತ್ತದೆ; ಅವು ೧೯೫ರಲ್ಲಿಯೂ ೨೩೦ರಲ್ಲಿಯೂ ಒಂದೇ ರೀತಿ ನಡೆಯುತ್ತವೆ. ಆದುದರಿಂದ ಸ್ಥಿರಕಾರಿಗೆ, ಎಂದರೆ ಸ್ಟೆಬಿಲೈಸರಿಗೆ, ಹಣ ಕೊಡುವ ಮೊದಲು ಆ ಬರಹವನ್ನು ಓದಿಕೊಳ್ಳುವುದು ವಿವೇಕ.

೩. ಮನೆಯೊಳಗಿನ ತಂತಿ

ಧ್ವನಿಯಂತ್ರಕ್ಕೆಂದು ದಪ್ಪನೆಯ, ಬೆಲೆಬಾಳುವ ತಂತಿ ಬೇಕೆಂದು ಹೇಳುವವರು ಬಹಳ ಮಂದಿ. ಲೆಕ್ಕ ಹಾಕಿ ನೋಡೋಣ. ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು ೧೨ ಓಂ ರೋಧವುಂಟು. ಮುಖ್ಯ ಫಲಕದಿಂದ ೨೦ ಮೀಟರು ದೂರದ ಕೋಣೆಗೆ ಹೋಗಿ ಬರುವ ದಾರಿ ೪೦ ಮೀಟರು. ರೋಧ ಸುಮಾರು ಅರ್ಧ ಓಂ. ಆಂಪ್ಲಿಫಯರು ಎಳೆಯುವುದು ಒಂದು ಆಂಪಿಯರಿಗಿಂತ ಕಡಮೆ. ನಷ್ಟವಾಗುವುದು ಅರ್ಧ ವೋಲ್ಟಿಗಿಂತ ಕಡಮೆ. ಇದನ್ನು ಯಾವ ಕಿವಿಯೂ ಅರಿಯಲಾರದು. ಆದರೆ ಅದೇ ತಂತಿಯ ಮೇಲೆ ೧೦ ಆಂಪಿಯರಿನ ನೀರು ಕಾಯಿಸುವ ಯಂತ್ರವೂ ಇದ್ದರೆ, ಅದು ಹತ್ತಿ ಆರಿದಾಗಲೆಲ್ಲ ೫ ವೋಲ್ಟುಗಳ ಏರಿಳಿತವೂ ಗುಂಡಿಯ ಕಿಡಿಯ ‘ಟಕ್’ ಎಂಬ ಸದ್ದೂ ಧ್ವನಿಯಂತ್ರವನ್ನು ಮುಟ್ಟುತ್ತವೆ.

ಇದರಿಂದ ಹೊರಡುವ ನಿರ್ಣಯ ಸ್ಪಷ್ಟ. ಧ್ವನಿಯಂತ್ರಕ್ಕೆ ಮುಖ್ಯ ಫಲಕದಿಂದ ಪ್ರತ್ಯೇಕ ಮಾರ್ಗವೊಂದನ್ನು ಎಳೆಯುವುದು ಒಳ್ಳೆಯದು; ಅದು ತನ್ನ ಪ್ರವಾಹಕ್ಕಾಗಿ ಅಲ್ಲ, ಇತರರ ಪ್ರವಾಹದಿಂದ ದೂರವಿರುವುದಕ್ಕಾಗಿ. ೨.೫ ಚದರ ಮಿಲಿಮೀಟರಿನ ಸಾಧಾರಣ ತಂತಿ ಧಾರಾಳವಾಗಿ ಸಾಕು. ಫ್ಯಾನಿನ ಎಲೆಕ್ಟ್ರಾನಿಕ್ ವೇಗನಿಯಂತ್ರಕ, ಮಿಕ್ಸಿ, ಅಗ್ಗದ ಎಲ್.ಇ.ಡಿ. ದೀಪಗಳು ಆ ಮಾರ್ಗದಲ್ಲಿರಬಾರದು. ಮೂರು ಫೇಸುಗಳಿರುವ ಮನೆಯಲ್ಲಿ ಬಾವಿಯ ಪಂಪನ್ನು ಒಂದು ಫೇಸಿಗೂ ಧ್ವನಿಯಂತ್ರವನ್ನು ಮತ್ತೊಂದಕ್ಕೂ ಸೇರಿಸಬಹುದು. ಸಡಿಲವಾದ ತಿರುಪುಗಳನ್ನು ಬಿಗಿಮಾಡಿಸುವುದು ಎಲ್ಲಕ್ಕಿಂತ ಅಗ್ಗವಾದ ಸುಧಾರಣೆ.

ನ್ಯೂಟ್ರಲ್ ತಂತಿಯ ವಿಷಯವಾಗಿ ಒಂದು ಎಚ್ಚರಿಕೆ. ಬೀದಿಯಲ್ಲಿ ಅದು ಕಡಿದುಹೋದರೆ, ಬೇರೆ ಬೇರೆ ಫೇಸುಗಳ ಎರಡು ಮನೆಗಳು ೪೦೦ ವೋಲ್ಟಿನ ನಡುವೆ ಒಂದರ ಹಿಂದೊಂದು ಪೋಣಿಸಿದಂತಾಗುತ್ತವೆ. ಹೆಚ್ಚು ಉಪಕರಣಗಳು ನಡೆಯುತ್ತಿರುವ ಮನೆಗೆ ವೋಲ್ಟೇಜು ಕುಗ್ಗಿ, ಕಡಮೆ ನಡೆಯುತ್ತಿರುವ ಮನೆಗೆ ಅಪಾಯಕರವಾಗಿ ಏರುತ್ತದೆ. ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ ಮುಖ್ಯ ಗುಂಡಿಯನ್ನು ಕೂಡಲೆ ಆರಿಸಿ, ವಿದ್ಯುತ್ ಕಚೇರಿಗೆ ತಿಳಿಸಬೇಕು.

೪. ಗುಂಯ್‌ಗುಡುವ ಸದ್ದಿನ ಪರೀಕ್ಷೆ

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಸದ್ದು ಕ್ಯಾಸೆಟ್ಟಿನದೋ ಮನೆಯದೋ ಎಂದು ತಿಳಿಯುವುದು ಕಷ್ಟವಲ್ಲ. ಟೇಪನ್ನು ನಿಲ್ಲಿಸಿ ಆಂಪ್ಲಿಫಯರನ್ನು ಹಾಗೆಯೇ ಬಿಡಬೇಕು. ಸದ್ದು ನಿಂತರೆ ಅದು ಟೇಪಿನಲ್ಲಿ ಮುದ್ರಿತವಾದುದು, ಅಥವಾ ಟೇಪಿನ ಯಂತ್ರದ್ದು. ಖಾಲಿ ಟೇಪೊಂದನ್ನು ನುಡಿಸಿದರೆ ಇವೆರಡರ ಭೇದ ತಿಳಿಯುತ್ತದೆ. ಸದ್ದು ಮುಂದುವರಿದರೆ ಅದು ಮನೆಯದು. ಬಳಿಕ ಆಂಪ್ಲಿಫಯರಿಗೆ ಬರುವ ಸಂಕೇತದ ತಂತಿಗಳನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ಕಳಚಿದಾಗ ಸದ್ದು ಅಡಗುವುದೋ ಅಲ್ಲಿಯೇ ದೋಷ. ಎಲ್ಲವನ್ನೂ ಕಳಚಿದ ಮೇಲೂ ಸದ್ದು ಉಳಿದರೆ ಆಂಪ್ಲಿಫಯರೇ ರೋಗಿ; ಹಳೆಯ ಯಂತ್ರಗಳಲ್ಲಿ ಒಣಗಿದ ಕೆಪಾಸಿಟರುಗಳಿಂದ ೧೦೦ ಆವರ್ತದ ಸದ್ದು ಏಳುತ್ತದೆ.

ನನ್ನ ಮನೆಯಲ್ಲಿ ದೂರದರ್ಶನದ ಪೆಟ್ಟಿಗೆಯಿಂದ ಆಂಪ್ಲಿಫಯರಿಗೆ ಬರುತ್ತಿದ್ದ ತಂತಿಯನ್ನು ಕಳಚಿದೊಡನೆ ಸದ್ದು ನಿಂತಿತು. ಕಾರಣವಿಷ್ಟೆ: ಕೇಬಲ್ಲಿನ ಹೊರಕವಚವು ಬೇರೊಂದೆಡೆ ನೆಲವನ್ನು ಮುಟ್ಟಿತ್ತು, ಆಂಪ್ಲಿಫಯರು ಮನೆಯ ಭೂಸಂಪರ್ಕದ ಮೂಲಕ ನೆಲವನ್ನು ಮುಟ್ಟಿತ್ತು. ಎರಡು ನೆಲಗಳ ನಡುವೆ ಸ್ವಲ್ಪ ವೋಲ್ಟೇಜಿನ ಅಂತರವಿದ್ದೇ ಇರುತ್ತದೆ. ಆ ಅಂತರದಿಂದ ಹುಟ್ಟಿದ ೫೦ ಆವರ್ತದ ಪ್ರವಾಹವು ಸಂಕೇತದ ತಂತಿಯ ಮೂಲಕವೇ ಹರಿದು ಸದ್ದಾಗಿ ಕೇಳಿಸುತ್ತಿತ್ತು. ಇದನ್ನು ಭೂಸಂಪರ್ಕದ ಕುಣಿಕೆ ಎನ್ನಬಹುದು. ಧ್ವನಿಸಂಬಂಧದ ಉಪಕರಣಗಳೆಲ್ಲವನ್ನೂ ಒಂದೇ ಫಲಕದಿಂದ, ಒಂದೇ ಭೂಸಂಪರ್ಕದಿಂದ ನಡೆಸುವುದೂ, ಹೊರಗಿನಿಂದ ಬರುವ ತಂತಿಗೆ ಪ್ರತ್ಯೇಕಿಸುವ ಪುಟ್ಟ ಪರಿವರ್ತಕವನ್ನು ಅಳವಡಿಸುವುದೂ ಇದರ ಪರಿಹಾರ.

೫. ನೆಲದ ಗುಣ ಮತ್ತು ಜೀವದ ಪ್ರಶ್ನೆ

ಇದಕ್ಕೆ ಜನರು ಕಂಡುಕೊಂಡ ಸುಲಭೋಪಾಯ ಮತ್ತೊಂದಿದೆ: ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದುಹಾಕುವುದು. ಸದ್ದು ನಿಲ್ಲುತ್ತದೆ, ನಿಜ. ಆದರೆ ಯಂತ್ರದ ಒಳಗೆ ತಂತಿ ಸಡಿಲಿ ಲೋಹದ ಪೆಟ್ಟಿಗೆಯನ್ನು ಮುಟ್ಟಿದ ದಿನ, ಪ್ರವಾಹಕ್ಕೆ ನೆಲ ಸೇರಲು ಉಳಿಯುವ ದಾರಿ ಅದನ್ನು ಮುಟ್ಟಿದ ಮನುಷ್ಯನ ದೇಹವೊಂದೇ. ಸಂಗೀತದ ನಿರ್ಮಲತೆಗಾಗಿ ಪ್ರಾಣವನ್ನು ಪಣಕ್ಕಿಡುವ ಈ ರೂಢಿಯನ್ನು ಎಷ್ಟು ಖಂಡಿಸಿದರೂ ಸಾಲದು. ಆಂಪ್ಲಿಫಯರಿಗೆಂದೇ ಹಿತ್ತಲಿನಲ್ಲಿ ಬೇರೊಂದು ಭೂಸಂಪರ್ಕವನ್ನು ಹೂಳಿ, ಮನೆಯದರೊಡನೆ ಸೇರಿಸದೆ ಬಿಡುವುದೂ ತಪ್ಪೇ. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡರ ನಡುವೆ ಏಳುವ ಭಾರಿ ಅಂತರವು ಯಂತ್ರವನ್ನು ಸುಟ್ಟುಹಾಕುತ್ತದೆ.

ಚಿತ್ರದುರ್ಗದ ಕೋಟೆಯ ಸುತ್ತಿನ ಬಂಡೆಗಳ ನೆಲವು ಪಾಳೆಯಗಾರರಿಗೆ ರಕ್ಷಣೆಯಾಗಿತ್ತು. ಭೂಸಂಪರ್ಕಕ್ಕೆ ಮಾತ್ರ ಅದು ಪ್ರತಿಕೂಲ. ಒಣಗಿದ ಕಲ್ಲುನೆಲವು ವಿದ್ಯುತ್ತಿಗೆ ಸುಲಭವಾಗಿ ಎಡೆಗೊಡದು. ಹಿರಿಯೂರಿನ ಕಡೆಯ ಕಪ್ಪುಮಣ್ಣು ತೇವವಿರುವಾಗ ಉತ್ತಮ ವಾಹಕ. ಬೇಸಗೆಯಲ್ಲಿ ಬಿರುಕುಬಿಟ್ಟಾಗ ಅದೂ ಕೈಕೊಡುತ್ತದೆ. ಭೂಸಂಪರ್ಕದ ರೋಧವು ೨೦ ಓಂ ಎಂದು ಭಾವಿಸೋಣ. ದೋಷ ಉಂಟಾದಾಗ ಹರಿಯುವ ಪ್ರವಾಹ ೨೩೦ನ್ನು ೨೦ರಿಂದ ಭಾಗಿಸಿದಷ್ಟು, ಎಂದರೆ ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರು. ೧೬ ಆಂಪಿಯರಿನ ರಕ್ಷಕವು ಇದಕ್ಕೆ ಅಲುಗುವುದೇ ಇಲ್ಲ. ಪೆಟ್ಟಿಗೆಯು ಜೀವಂತವಾಗಿಯೇ ಉಳಿಯುತ್ತದೆ. ಹೋಗುವ ಪ್ರವಾಹಕ್ಕೂ ಮರಳುವ ಪ್ರವಾಹಕ್ಕೂ ೩೦ ಮಿಲಿಆಂಪಿಯರಿನ ಅಂತರ ಕಂಡೊಡನೆ ಕಡಿಯುವ ಆರ್.ಸಿ.ಸಿ.ಬಿ. ಎಂಬ ಉಪಕರಣವು ಈ ಕಾರಣದಿಂದ ನಮ್ಮ ಸೀಮೆಯ ಮನೆಗಳಿಗೆ ಅತ್ಯಾವಶ್ಯಕ. ಭೂಸಂಪರ್ಕದ ಗುಂಡಿಯನ್ನು ಆಳವಾಗಿ ತೋಡಿಸಿ, ಬೇಸಗೆಯಲ್ಲಿ ನೀರು ಹೊಯ್ಯುತ್ತ, ಆಗಾಗ್ಗೆ ಅದರ ರೋಧವನ್ನು ಅಳೆಸುವುದು ಮನೆಯವರ ಕರ್ತವ್ಯ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವುದಕ್ಕಿಂತ ಮಿಗಿಲಾದ ಸಿಡಿಲಿನ ರಕ್ಷಣೆ ಮತ್ತೊಂದಿಲ್ಲ.

ಇನ್‌ವರ್ಟರಿನ ವಿಷಯವಾಗಿ ಒಂದು ಮಾತು. ಅಗ್ಗದ ಇನ್‌ವರ್ಟರುಗಳು ಕೊಡುವ ಚೌಕಾಕಾರದ ತರಂಗದಲ್ಲಿ ೫೦ರೊಡನೆ ೧೫೦, ೨೫೦, ೩೫೦ ಮುಂತಾದ ಆವರ್ತಗಳೂ ಬೆರೆತು, ಆಂಪ್ಲಿಫಯರಿನಲ್ಲಿ ಕರ್ಕಶವಾದ ಝೇಂಕಾರವನ್ನು ಎಬ್ಬಿಸುತ್ತವೆ. ಶುದ್ಧ ಸೈನ್ ತರಂಗದ ಇನ್‌ವರ್ಟರಿನಲ್ಲಿ ಈ ದೋಷವಿಲ್ಲ. ಸ್ಥಿರಕಾರಿ ಬೇಕೇ ಬೇಕೆಂಬ ಮನೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿಸುವ ರಿಲೇ ಮಾದರಿಗಿಂತ ಸಾವಕಾಶವಾಗಿ ಸರಿದೂಗಿಸುವ ಸರ್ವೋ ಮಾದರಿ ಧ್ವನಿಯಂತ್ರಕ್ಕೆ ಹೆಚ್ಚು ಹಿತ.

೬. ಆವರ್ತವೂ ಶ್ರುತಿಯೂ

ಕೊನೆಯದಾಗಿ, ಸಂಶೋಧಕರು ಗಮನಿಸತಕ್ಕ ಸಂಗತಿಯೊಂದುಂಟು. ವಿದ್ಯುತ್ತಿನ ಆವರ್ತವು ಸದಾ ೫೦ ಆಗಿರಲಿಲ್ಲ. ಶಿವನಸಮುದ್ರದ ಮೊದಲ ಉತ್ಪಾದನೆಯೇ ೨೫ ಆವರ್ತಗಳದು. ದಕ್ಷಿಣದ ಜಾಲದಲ್ಲಿ ಕೊರತೆಯ ವರ್ಷಗಳಲ್ಲಿ ಆವರ್ತವು ೪೮.೫ಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಯುತ್ತಿತ್ತು. ೨೦೦೩ರ ಆರಂಭದಲ್ಲಿ ದಕ್ಷಿಣದಲ್ಲಿ ಜಾರಿಗೆ ಬಂದ ಹೊಸ ದರಪದ್ಧತಿಯಿಂದ ಅದು ಬಹುಮಟ್ಟಿಗೆ ಹದಕ್ಕೆ ಬಂದಿತು. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಜಾಲದೊಡನೆ ಒಂದಾಯಿತು.

ಸ್ಪೂಲಿನ ಅನೇಕ ಟೇಪುಯಂತ್ರಗಳ ಹಾಗೂ ತಟ್ಟೆ ತಿರುಗಿಸುವ ಯಂತ್ರಗಳ ವೇಗವು ವಿದ್ಯುತ್ತಿನ ಆವರ್ತಕ್ಕೆ ಬದ್ಧವಾಗಿತ್ತು. ೪೮.೫ ಆವರ್ತದಲ್ಲಿ ಮುದ್ರಿಸಿದ ಹಾಡನ್ನು ೫೦ರಲ್ಲಿ ನುಡಿಸಿದರೆ ಶ್ರುತಿಯು ಶೇಕಡಾ ೩ರಷ್ಟು ಏರುತ್ತದೆ. ಎಂದರೆ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರದ ಸುಮಾರು ಅರ್ಧ. ಹಾಡಿದವಳ ಶ್ರುತಿ ಇಂಥದೆಂದು ಹೇಳುವ ಮುನ್ನ ಇದನ್ನು ನೆನೆಯಬೇಕು. ಟೇಪಿನಲ್ಲಿ ಮುದ್ರಿತವಾದ ಗುಂಯ್‌ಕಾರವು ಇಲ್ಲಿ ಸಾಕ್ಷಿಯಾದೀತೆ? ಯಂತ್ರದ ವೇಗವೂ ಗುಂಯ್‌ಕಾರವೂ ಒಂದೇ ವಿದ್ಯುತ್ತನ್ನು ಅನುಸರಿಸಿದ್ದರೆ ಆಗದು; ಎರಡೂ ಒಟ್ಟಿಗೆ ಇಳಿದಿದ್ದುದರಿಂದ ಅದು ಯಾವಾಗಲೂ ೫೦ ಎಂದೇ ಕೇಳಿಸುತ್ತದೆ. ಬ್ಯಾಟರಿಯಿಂದ ನಡೆದ ಕ್ಯಾಸೆಟ್ ಯಂತ್ರದ ವೇಗ ಸ್ವತಂತ್ರವಾದುದು. ಅದರ ಮುದ್ರಣದಲ್ಲಿ ಹತ್ತಿರದ ವಿದ್ಯುತ್ ತಂತಿಯ ಗುಂಯ್‌ಕಾರ ಸೇರಿದ್ದು, ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದಾಗ ಅದು ೫೪ ಎಂದು ಅಳತೆಗೆ ಬಂದರೆ, ಜಾಲದ ಆವರ್ತ ಅಷ್ಟು ಏರುವುದು ಅಸಂಭವವಾದುದರಿಂದ, ಮುದ್ರಿಸುವಾಗ ಬ್ಯಾಟರಿ ಕುಂದಿ ಟೇಪು ನಿಧಾನವಾಗಿ ಓಡಿತ್ತೆಂದು ನಿರ್ಣಯಿಸಬಹುದು. ಒಂದೇ ಸದ್ದು ಒಂದೆಡೆ ಮೂಕಸಾಕ್ಷಿ, ಮತ್ತೊಂದೆಡೆ ಮಾತನಾಡುವ ಸಾಕ್ಷಿ. ಶಾಸನವನ್ನು ಓದುವಾಗ ಕಲ್ಲಿನ ಬಿರುಕನ್ನು ಅಕ್ಷರದಿಂದ ಬೇರ್ಪಡಿಸುವಂತೆಯೇ ಈ ವಿವೇಚನೆ.

ಆದುದರಿಂದ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಪ್ರತಿಮಾಡುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟು. ಮೊದಲು ಮನೆಯ ಭೂಸಂಪರ್ಕವನ್ನೂ ರಕ್ಷಕವನ್ನೂ ಪರೀಕ್ಷಿಸಿಕೊಳ್ಳಿರಿ. ತಂತಿಯ ಕೆಲಸವನ್ನು ಪರವಾನಗಿಯುಳ್ಳವರಿಂದಲೇ ಮಾಡಿಸಿರಿ. ಟೇಪು ನುಡಿಸುವ ಮುನ್ನ ಒಂದು ನಿಮಿಷ ಬರಿಯ ಯಂತ್ರದ ಮೌನವನ್ನು ಕೇಳಿ, ಅದನ್ನೂ ಪ್ರತಿಯ ಮೊದಲಲ್ಲಿ ಮುದ್ರಿಸಿರಿ. ಯಾವ ಯಂತ್ರ, ಯಾವ ಹೊತ್ತು, ಎಷ್ಟು ವೋಲ್ಟು ಎಂಬುದನ್ನು ಬರೆದಿಡಿರಿ. ಮುಂದೆ ಕೇಳುವವರಿಗೆ ಹಾಡಿದವರ ಮನೆಯ ಸದ್ದು ಯಾವುದು, ನಮ್ಮ ಮನೆಯದು ಯಾವುದು ಎಂಬುದು ಆಗ ಮಾತ್ರ ತಿಳಿದೀತು. ಹೊಸದುರ್ಗದ ಕ್ಯಾಸೆಟ್ಟಿನ ಟಿಪ್ಪಣಿಯಲ್ಲಿ ಹಿಟ್ಟಿನ ಗಿರಣಿಯ ಮಾತನ್ನು ನಾನು ಅಳಿಸಿಲ್ಲ. ಅಡ್ಡಗೆರೆ ಎಳೆದು, ಬದಿಯಲ್ಲಿ ಕಾರಣವನ್ನು ಬರೆದಿದ್ದೇನೆ.